ಸಿಪಿಯು ಆ ಕೋಣೆಗೆ, ಕುರ್ಚಿ ಈ ಕೋಣೆಗೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಲ್ಲಿ ಹಗಲು ಹೊತ್ತು ಯಾರ ಮನೆಯ ಕಂಪ್ಯೂಟರೂ ಸದ್ದು ಮಾಡುವುದಿಲ್ಲ. ಮಾಡಿದರೂ ಕೇಳಿಸುವುದಿಲ್ಲ. ಕೆಐಎಡಿಬಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಕಂಪ್ರೆಸರ್, ಗೇಟಿನ ಮುಂದೆ ರಿವರ್ಸ್ ತೆಗೆದುಕೊಳ್ಳುವ ಲಾರಿ, ಇಷ್ಟರ ನಡುವೆ ಮೇಜಿನ ಕೆಳಗಿನ ಫ್ಯಾನು ಯಾವ ಲೆಕ್ಕ? ರಾತ್ರಿ ಊಟ ಮುಗಿಸಿ, ಯಾರೋ ಅರ್ಧಕ್ಕೆ ಬಿಟ್ಟ ಕ್ಯಾಡ್ ಡ್ರಾಯಿಂಗ್ ತೆರೆದು ಕೂತಾಗ ಅದೇ ಫ್ಯಾನು ಭರ್ರೆನ್ನತೊಡಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್ ಮಿತಿ ಹಾಕಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ಭಾರೀ ಕೆಲಸದಲ್ಲಿ ತೊಡಗಿದ ಡೆಸ್ಕ್‌ಟಾಪ್ ಒಂದು ಮೀಟರ್ ದೂರದಲ್ಲಿ ಸುಲಭವಾಗಿ 45ರ ಹತ್ತಿರ ಬರುತ್ತದೆ. ವಸತಿ ಪ್ರದೇಶದ ಇಡೀ ಬೀದಿಗೆ ರಾತ್ರಿ ಹೊತ್ತು ಕಾನೂನು ಎಷ್ಟು ಸದ್ದು ಬಿಟ್ಟುಕೊಟ್ಟಿದೆಯೋ ಅಷ್ಟನ್ನು ಒಂದು ಡಬ್ಬಿ ಒಂದೇ ಕೋಣೆಯಲ್ಲಿ ಖರ್ಚು ಮಾಡಿಬಿಡುತ್ತದೆ. ಬಿರಿಯಾನಿಗೆಂದು ಬೆಳಗಿನ ಜಾವ ನಾಲ್ಕಕ್ಕೇ ಕಾರುಗಳು ಸಾಲುಗಟ್ಟುವ ತಾಲ್ಲೂಕು ಇದು. ನಿಶ್ಶಬ್ದದ ಗಂಟೆಗಳೇ ಇಲ್ಲಿ ಕಡಿಮೆ. ಅವನ್ನೂ ಫ್ಯಾನಿಗೆ ಕೊಟ್ಟರೆ ಹೇಗೆ?

ಸದ್ದು ಮಾಡುವ ಯಂತ್ರವನ್ನು ಕುರ್ಚಿಯಿಂದ ದೂರ ಇಡುವುದು ಹೊಸ ಉಪಾಯವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಬಂದ ಐಬಿಎಂ 360/44 ಯಾರ ಮೇಜಿನ ಪಕ್ಕವೂ ಕೂರಲಿಲ್ಲ, ಅದಕ್ಕೆ ಅದರದೇ ಕೋಣೆ. ಅದೇ ಆವರಣದಲ್ಲಿ 2022ರಲ್ಲಿ ಕೆಲಸ ಶುರು ಮಾಡಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ವನ್ನು ಬಳಸುವ ಸಂಶೋಧಕರೂ ಅದರ ಮಗ್ಗುಲಲ್ಲಿ ಕೂತಿರುವುದಿಲ್ಲ. ಮನುಷ್ಯ ಮತ್ತು ಗಣಕ ಒಂದೇ ಮೇಜು ಹಂಚಿಕೊಂಡದ್ದು ನಡುವೆ ಬಂದ ಒಂದು ಅಭ್ಯಾಸ, ಅಷ್ಟೆ. ಅದನ್ನು ಮನೆಯಲ್ಲಿ ಬಿಡಿಸುವುದಾದರೆ ಮೂರು ಸಂಗತಿ ಮೇಜಿಗೆ ಬರಬೇಕು: ಪರದೆಯ ಚಿತ್ರ, ಕೀಬೋರ್ಡ್–ಮೌಸಿನ ಸಂಪರ್ಕ, ಆನ್ ಮಾಡುವ ಗುಂಡಿ. ಒಂದು ಸಂಗತಿ ಹೊರಗೆ ಹೋಗಬೇಕು: ಬಿಸಿ. ಜನ ಮೊದಲ ಮೂರಕ್ಕೆ ದುಡ್ಡು ಸುರಿಯುತ್ತಾರೆ, ನಾಲ್ಕನೆಯದನ್ನು ಮರೆಯುತ್ತಾರೆ. ಬೀರುವಿನೊಳಗೆ ಮುಚ್ಚಿಟ್ಟ ಸಿಪಿಯು ಬಿಸಿಯಾಗಿ, ಫ್ಯಾನು ಇನ್ನೂ ಜೋರಾಗಿ ತಿರುಗಿ, ಬಾಗಿಲು ದಾಟಿ ಕೇಳಿಸುತ್ತದೆ. ಸದ್ದೂ ಬಿಸಿಯೂ ಬೇರೆ ಬೇರೆ ತೊಂದರೆಗಳಲ್ಲ.

ಎತ್ತಿಡುವ ಮೊದಲು ಪಕ್ಕದ ಹಲಗೆ ಬಿಚ್ಚಿ ಒಳಗೆ ನೋಡಿ. ಲಾರಿ ಓಡಾಡುವ ರಸ್ತೆಯ ಬದಿಯ ಮನೆಯಲ್ಲಿ ಒಂದೆರಡು ವರ್ಷ ಬಿಚ್ಚದ ಕ್ಯಾಬಿನೆಟ್ಟಿನ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ಹೊದ್ದಂತೆ ಕೂತಿರುತ್ತದೆ. ಬ್ಲೋವರ್ ಹಿಡಿದು ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅದು ಹುಚ್ಚಾಪಟ್ಟೆ ತಿರುಗಬಾರದು. ಆಮೇಲೆ ಬಯಾಸ್‌ಗೆ ಹೋಗಿ ಫ್ಯಾನಿನ ವೇಗ ನೋಡಿ. ಎಷ್ಟೋ ಯಂತ್ರಗಳಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಆದ್ದರಿಂದ ಚಿಕ್ಕ ಫ್ಯಾನು ಒಂದು ಜೋರಾಗಿ ತಿರುಗುವುದಕ್ಕಿಂತ ದೊಡ್ಡ ಫ್ಯಾನು ಎರಡು ನಿಧಾನವಾಗಿ ತಿರುಗುವುದು ಯಾವಾಗಲೂ ಮೇಲು. ಕಟಕಟ ಎನ್ನುವುದು ಫ್ಯಾನಲ್ಲ, ಹಳೆಯ ಹಾರ್ಡ್‌ಡಿಸ್ಕ್ ಅನ್ನಿಸಿದರೆ ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ಕ್ಯಾಬಿನೆಟ್ಟು ಮರದ ಮೇಜಿಗೆ ನಡುಕ ದಾಟಿಸುತ್ತಿದ್ದರೆ ಅಡಿಗೆ ನಾಲ್ಕು ರಬ್ಬರ್ ತುಂಡು ಸಾಕು. ಆಫೀಸು ಕೆಲಸದ ಕಂಪ್ಯೂಟರುಗಳ ಕಥೆ ಬಹುಪಾಲು ಇಲ್ಲೇ ಮುಗಿಯುತ್ತದೆ.

ಮುಗಿಯದ ಯಂತ್ರಗಳಿವೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಮೂರು ಆಯಾಮದ ಡ್ರಾಯಿಂಗ್ ಮಾಡುವವರು, ಸಿಎನ್‌ಸಿ ಯಂತ್ರಕ್ಕೆ ಕ್ಯಾಮ್ ಪ್ರೋಗ್ರಾಂ ಬರೆಯುವವರು, ವಿಡಿಯೊ ಎಡಿಟ್ ಮಾಡುವವರು, ಮೈಕಿನ ಮುಂದೆ ಪಾಠ ಹೇಳಿ ರೆಕಾರ್ಡ್ ಮಾಡುವವರು, ಇವರಿಗೆ ಜಾಗ ಬದಲಿಸುವುದೇ ದಾರಿ.

ದೂರದ ಲೆಕ್ಕದಿಂದ ಶುರು ಮಾಡೋಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಈ ಲೆಕ್ಕ ಬೇಗ ಸೋಲುತ್ತದೆ. ಟೈಲ್ಸ್ ನೆಲ, ಗಾರೆ ಗೋಡೆ, ತಾರಸಿ ಎಲ್ಲವೂ ಸದ್ದನ್ನು ವಾಪಸು ಎಸೆಯುತ್ತವೆ. ಕಾಲ ಬುಡದಲ್ಲಿದ್ದ ಸಿಪಿಯುವನ್ನು ಅದೇ ಕೋಣೆಯ ಇನ್ನೊಂದು ಮೂಲೆಗೆ ಇಟ್ಟರೆ ಸ್ವಲ್ಪ ಸಮಾಧಾನ ಸಿಗುತ್ತದೆ, ಮೈಕ್ ಇಟ್ಟು ಕೂತವರಿಗೆ ಸಾಲದು. ನಿಜವಾದ ಕೆಲಸ ಮಾಡುವುದು ಗೋಡೆ. ಎರಡೂ ಕಡೆ ಗಾರೆ ಮಾಡಿದ ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆ 40 ಡೆಸಿಬೆಲ್‌ಗೂ ಮಿಕ್ಕಿ ಸದ್ದನ್ನು ತಡೆಯುತ್ತದೆ. ಅಂದರೆ ಯಂತ್ರ ಗೋಡೆಯಾಚೆ ಹೋದರೆ ಸಾಕು, ಮನೆಯ ಆ ತುದಿಗೆ ಹೋಗಬೇಕಾಗಿಲ್ಲ.

ಇಡೀ ವ್ಯವಸ್ಥೆಯಲ್ಲಿ ದುಡ್ಡು ಉಳಿಸುವ ಜಾಗ ಇದೊಂದೇ. ಮೇಜು ಯಾವ ಗೋಡೆಗೆ ಒರಗಿದೆಯೋ ಅದೇ ಗೋಡೆಯ ಆ ಬದಿಗೆ ಸಿಪಿಯು ಇಡಿ. ನಡುವೆ ಒಂದು ತೂತು. ಕೇಬಲ್ ಎರಡು ಮೂರು ಮೀಟರ್ ದಾಟುವುದಿಲ್ಲ, ಯಾವ ವಿಶೇಷ ಕೇಬಲ್ಲೂ ಬೇಡ, ಅಂಗಡಿಯಲ್ಲಿ ಸಿಗುವ ಮಾಮೂಲಿನದೇ ನಡೆಯುತ್ತದೆ. ಬಾಗಿಲು ಸುತ್ತಿಕೊಂಡು ಸ್ಕರ್ಟಿಂಗ್ ಮೇಲೆ ಕೇಬಲ್ ಓಡಿಸಲು ಹೊರಟರೆ ಅದೇ ಎರಡು ಕೋಣೆಗಳ ನಡುವೆ ಹತ್ತು ಹನ್ನೆರಡು ಮೀಟರ್ ಆಗುತ್ತದೆ. ಅಲ್ಲಿಂದ ಎಲ್ಲ ತೊಡಕೂ ಶುರು.

ತೂತು ಕೊರೆಸುವುದಕ್ಕೆ ಎ.ಸಿ. ಕೂರಿಸುವವರು ಬಳಸುವ ಕೋರ್ ಕಟಿಂಗ್ ಯಂತ್ರದವರನ್ನು ಕರೆಯಿರಿ. ಉಳಿ, ಸುತ್ತಿಗೆಯಲ್ಲಿ ಬಡಿದರೆ ಆ ಕಡೆಯ ಗಾರೆ ಹಪ್ಪಳೆಯಾಗಿ ಉದುರುತ್ತದೆ. ಪಿಲ್ಲರ್, ಬೀಮ್ ಮುಟ್ಟಬೇಡಿ. ಸ್ವಿಚ್‌ಬೋರ್ಡಿನ ನೇರ ಮೇಲೆ ಅಥವಾ ನೇರ ಕೆಳಗೆ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ಎಲೆಕ್ಟ್ರಿಷಿಯನ್ ಬಂದು ‘ಸಾರ್, ಇಪ್ಪತ್ತೈದರ ಪೈಪ್ ಸಾಕಲ್ವಾ?’ ಅನ್ನುತ್ತಾರೆ. ಸಾಲದು. ವೈರನ್ನು ಬೇಕಾದಷ್ಟಕ್ಕೆ ಕತ್ತರಿಸಿ ಎಳೆಯಬಹುದು, ಎಚ್‌ಡಿಎಂಐ ಕೇಬಲ್ಲಿನ ತಲೆಯನ್ನು ಕತ್ತರಿಸುವ ಹಾಗಿಲ್ಲ. ಆ ತಲೆಯೇ ಅಗಲಕ್ಕೆ ಸುಮಾರು 20 ಮಿಲಿಮೀಟರ್. ಒಂದು ಹೋದ ಮೇಲೆ ಎರಡನೆಯದು ತೂರುವುದಿಲ್ಲ. 50 ಮಿಲಿಮೀಟರಿನ ಪಿವಿಸಿ ಪೈಪ್ ಹಾಕಿಸಿ. ತಿರುವು ಇದ್ದರೆ ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ, ನಾಳೆ ಇನ್ನೊಂದು ಕೇಬಲ್ ಎಳೆಯಬೇಕಾದರೆ ಅದಕ್ಕೇ ಕಟ್ಟಿ ಎಳೆಯಬಹುದು. ಗೋಡೆಯಾಚೆ ಹೊರಾಂಗಣವಿದ್ದರೆ ಪೈಪು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಮಳೆನೀರು ಒಳಕ್ಕೆ ಬಾರದು.

ಕೇಬಲ್ ಎಳೆದಾದ ಮೇಲೆ ಪೈಪಿನ ಎರಡೂ ಬಾಯಿಗೆ ಫೋಮ್ ತುರುಕಿ. ಇದು ಹಲ್ಲಿ ಜಿರಳೆಗಷ್ಟೇ ಅಲ್ಲ. ಗೋಡೆ ಎಷ್ಟೇ ದಪ್ಪವಿರಲಿ, ಅದರ ಸಾವಿರದಲ್ಲಿ ಒಂದು ಪಾಲು ತೆರೆದಿದ್ದರೆ ಒಟ್ಟು ತಡೆ 30 ಡೆಸಿಬೆಲ್ ಮೀರುವುದಿಲ್ಲ. ನೂರರಲ್ಲಿ ಒಂದು ಪಾಲು ತೆರೆದಿದ್ದರೆ 20 ಮೀರುವುದಿಲ್ಲ. ಹತ್ತಡಿ ಎತ್ತರ ಹತ್ತಡಿ ಅಗಲದ ಗೋಡೆಯಲ್ಲಿ ಮೂರಡಿ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಸಂದಿ ಇದ್ದರೆ ಅದೇ ಸಾವಿರದಲ್ಲೊಂದು ಪಾಲಾಯಿತು. ಎರಡು ಕೋಣೆಗಳ ನಡುವೆ ಬಾಗಿಲಿದ್ದರೆ ಕೆಳಗೆ ಸಿಗಿಸುವ ರಬ್ಬರ್ ಪಟ್ಟಿ ತಂದು ಹಾಕಿ. ಗೋಡೆಗೆ ಅಂಟಿಸುವ ಸ್ಪಂಜಿನ ಹಲಗೆಗಳನ್ನು ಕೊಳ್ಳಬೇಡಿ. ಅವು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತವೆ, ಪಕ್ಕದ ಕೋಣೆಯ ಸದ್ದು ತಡೆಯುವುದಿಲ್ಲ.

ಈಗ ಚಿತ್ರ. ಗೋಡೆಯಾಚೆಯ ಲೆಕ್ಕ ಎಲ್ಲ ಮನೆಗೂ ಒದಗುವುದಿಲ್ಲ. ಮೇಜಿನ ಹಿಂದೆ ಅಡುಗೆಮನೆ ಇರಬಹುದು, ಪಕ್ಕದವರ ಮನೆಯೇ ಇರಬಹುದು. ಆಗ ಉದ್ದ ಕೇಬಲ್ ಬೇಕೇಬೇಕು. 1080 ಸಾಲಿನ ಮಾಮೂಲು ಮಾನಿಟರಿಗೆ ಒಳ್ಳೆಯ ತಾಮ್ರದ ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್‌ವರೆಗೂ ಸಾಮಾನ್ಯವಾಗಿ ನಡೆಯುತ್ತದೆ. 4ಕೆ ಮಾನಿಟರ್ ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಮರ್ಥ್ಯದ ಕೇಬಲ್ ಬೇಕು. ತಾಮ್ರದ ತಂತಿಯಲ್ಲಿ ಆ ವೇಗದ ಸಂಕೇತ ಐದು ಮೀಟರ್ ದಾಟುವಷ್ಟರಲ್ಲಿ ಬಳಲುತ್ತದೆ. ಬಳಲಿದ್ದು ಗೊತ್ತಾಗುವುದು ಹೀಗೆ: ಪರದೆ ಆಗಾಗ ಒಂದೆರಡು ಸೆಕೆಂಡು ಕಪ್ಪಾಗುತ್ತದೆ, ಬಿಳಿ ಚುಕ್ಕಿಗಳು ಮಿಣುಕುತ್ತವೆ. ಅನೇಕರು ಮಾನಿಟರ್ ಕೆಟ್ಟಿತೆಂದು ರಿಪೇರಿಗೆ ಒಯ್ಯುತ್ತಾರೆ. ಡಿಸ್‌ಪ್ಲೇಪೋರ್ಟ್ ಕೇಬಲ್ಲಿನ ಪಾಡು ಇನ್ನೂ ಬಿಗಿ. ದೊಡ್ಡ ವೇಗದಲ್ಲಿ ಎರಡು ಮೂರು ಮೀಟರೇ ಅದರ ಗಡಿ.

ಐದು ಮೀಟರಿನಾಚೆ ದಾಟಬೇಕಾದರೆ ಫೈಬರ್ ಎಚ್‌ಡಿಎಂಐ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಾಗೆಂದೇ ಕೇಳಿದರೆ ಕೊಡುತ್ತಾರೆ. ಕೇಬಲ್ಲಿನ ಎರಡೂ ತಲೆಯಲ್ಲಿ ಪುಟ್ಟ ಚಿಪ್ಪುಗಳಿರುತ್ತವೆ. ಒಂದು ತುದಿ ವಿದ್ಯುತ್ ಸಂಕೇತವನ್ನು ಬೆಳಕಾಗಿಸುತ್ತದೆ, ಇನ್ನೊಂದು ತುದಿ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ಹಾಗಾಗಿ ಇದಕ್ಕೆ ದಿಕ್ಕಿದೆ. ‘ಸೋರ್ಸ್’ ಎಂದು ಬರೆದ ತುದಿ ಸಿಪಿಯುಗೆ, ‘ಡಿಸ್‌ಪ್ಲೇ’ ಎಂದು ಬರೆದದ್ದು ಮಾನಿಟರಿಗೆ. ತಿರುಗಿಸಿ ಹಾಕಿದರೆ ಏನೂ ಕಾಣುವುದಿಲ್ಲ, ಆ ಹೊತ್ತಿಗೆ ಪೈಪಿಗೆ ತೂರಿಸಿ ಆಗಿದ್ದರೆ ಪಜೀತಿ. ಪೈಪಿಗೆ ಹಾಕುವ ಮೊದಲು ನೆಲದ ಮೇಲೆ ಹರಡಿ, ಎರಡೂ ತುದಿ ಸಿಕ್ಕಿಸಿ, ಒಂದು ಗಂಟೆ ಓಡಿಸಿ ನೋಡಿ. ಗಾಜಿನ ಎಳೆ ಒಳಗಿರುವುದರಿಂದ ಮಡಚಬಾರದು, ಎಳೆಯುವಾಗ ತಲೆಗೆ ದಾರ ಕಟ್ಟಬಾರದು, ಕೇಬಲ್ಲಿನ ಮೈಗೆ ಕಟ್ಟಿ ಎಳೆಯಬೇಕು. ತಲೆ ಬಿಚ್ಚಿ ಚಿಕ್ಕ ಮೂತಿಯನ್ನಷ್ಟೇ ಪೈಪಿನಲ್ಲಿ ತೂರಿಸಬಹುದಾದ ಮಾದರಿಗಳೂ ಉಂಟು. ಪೈಪು ಕಿರಿದಾಗಿದ್ದರೆ ಅಂಥದ್ದನ್ನೇ ಆರಿಸಿ. ಈ ಕೇಬಲ್ಲಿನ ಬೆಲೆ ತಾಮ್ರದ್ದಕ್ಕಿಂತ ಹಲವು ಪಟ್ಟು.

ಕೀಬೋರ್ಡ್, ಮೌಸ್ ಕಡೆಗೆ ಬನ್ನಿ. ಯುಎಸ್‌ಬಿ 2.0 ನಿಯಮ ಪ್ರಕಾರ ಒಂದು ಕೇಬಲ್ ಐದು ಮೀಟರ್ ಮೀರಬಾರದು. ನಡುವೆ ಚಿಪ್ ಇರುವ ‘ಆಕ್ಟಿವ್’ ಎಕ್ಸ್‌ಟೆನ್ಷನ್ ಕೇಬಲ್ ಹಾಕಿದರೆ ಹತ್ತು ಹದಿನೈದು ಮೀಟರ್ ನೆಮ್ಮದಿಯಾಗಿ ಹೋಗುತ್ತದೆ. ಮಾಮೂಲು ಎಕ್ಸ್‌ಟೆನ್ಷನ್ನುಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡಬೇಡಿ; ಸಂಕೇತವೂ ಸೊರಗುತ್ತದೆ, 5 ವೋಲ್ಟೂ ದಾರಿಯಲ್ಲೇ ಕರಗುತ್ತದೆ. ಒಂದೇ ಆಕ್ಟಿವ್ ಕೇಬಲ್ ಮೇಜಿಗೆ ತಂದು, ಅಲ್ಲಿ ತನ್ನದೇ ಅಡಾಪ್ಟರ್ ಇರುವ ಹಬ್ ಇಡಿ. ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಹೆಡ್‌ಫೋನಿಗೆ ಯುಎಸ್‌ಬಿ ಸೌಂಡ್‌ಕಾರ್ಡ್, ವೆಬ್‌ಕ್ಯಾಮ್ ಎಲ್ಲವೂ ಆ ಹಬ್ಬಿಗೇ. ಹೆಡ್‌ಫೋನಿನ ತಂತಿಯನ್ನೇ ಹತ್ತು ಮೀಟರ್ ಉದ್ದ ಮಾಡುವ ಆಸೆ ಬೇಡ, ಗುಂಯ್ ಎನ್ನುವ ಸದ್ದನ್ನು ಅದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬರುತ್ತದೆ. ಇನ್ನೂ ದೂರವಾದರೆ ಲ್ಯಾನ್ ಕೇಬಲ್ ಮೇಲೆ ಯುಎಸ್‌ಬಿ ಕಳಿಸುವ ಜೋಡಿ ಡಬ್ಬಿಗಳು ಸಿಗುತ್ತವೆ, ಐವತ್ತು ಮೀಟರ್‌ವರೆಗೂ ಒಯ್ಯುವಂಥವು ಇವೆ. ಅವಕ್ಕೆ ಲ್ಯಾನ್ ಕೇಬಲ್ ಬರಿಯ ತಂತಿ ಮಾತ್ರ. ನಡುವೆ ರೌಟರ್, ಸ್ವಿಚ್ ಸಿಕ್ಕಿಸಿದರೆ ಬಹುಪಾಲು ಡಬ್ಬಿಗಳು ಕೆಲಸ ಮಾಡುವುದಿಲ್ಲ.

ವೈರ್‌ಲೆಸ್ ಕೀಬೋರ್ಡ್ ಇದೆಯಲ್ಲ, ಗೋಡೆಯಾಚೆಗೂ ಹಿಡಿಯುತ್ತದೆ ಎಂದು ನಂಬಿ ಕೂರಬೇಡಿ. ಅದರ ಡಾಂಗಲ್ಲನ್ನು ಸಿಪಿಯು ಹಿಂದಿನ ನೀಲಿ ಯುಎಸ್‌ಬಿ 3.0 ಪೋರ್ಟಿಗೆ ಚುಚ್ಚಿದರೆ ತೊಂದರೆ ಇಮ್ಮಡಿ, ಯುಎಸ್‌ಬಿ 3.0 ಹೊರಸೂಸುವ ರೇಡಿಯೊ ಗದ್ದಲ ಇಂಥ ಕೀಬೋರ್ಡುಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿದೆ. ಡಾಂಗಲ್ ಮೇಜಿನ ಹಬ್ಬಿನಲ್ಲಿರಲಿ.

ಆನ್ ಮಾಡಲು ಪ್ರತಿ ಸಲ ಎದ್ದು ಹೋಗಬೇಕೇ? ಬೇಡ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸ ಬಂದ ಮೇಲೆ ಮುಂಭಾಗದ ಗುಂಡಿ 230 ವೋಲ್ಟಿನ ಸ್ವಿಚ್ಚಲ್ಲ. ಮದರ್‌ಬೋರ್ಡಿನ ಎರಡು ಪಿನ್ನುಗಳನ್ನು ಒಂದು ಕ್ಷಣ ಕೂಡಿಸುವ ಕಾಲಿಂಗ್ ಬೆಲ್ ಗುಂಡಿಯಂಥದ್ದು, ಅಲ್ಲಿರುವುದು ಐದು ವೋಲ್ಟಿನ ಒಳಗೆ. ಆ ಪಿನ್ನುಗಳಿಂದ ತೆಳ್ಳನೆಯ ಎರಡೆಳೆ ತಂತಿ ಎಳೆದು ಮೇಜಿನಲ್ಲೊಂದು ಒತ್ತುಗುಂಡಿ ಇಟ್ಟರೆ ಮುಗಿಯಿತು. ಬಿಚ್ಚುವ ಗೋಜು ಬೇಡ ಅನ್ನುವವರು ಬಯಾಸ್‌ನಲ್ಲಿ ಹುಡುಕಿದರೆ ಹಲವು ಬೋರ್ಡುಗಳಲ್ಲಿ ಕೀಬೋರ್ಡಿನಿಂದಲೇ ಎಬ್ಬಿಸುವ ಆಯ್ಕೆ ಸಿಗುತ್ತದೆ. ದಿನಾ ಪೂರ್ತಿ ಆರಿಸದೆ ಸ್ಲೀಪ್‌ನಲ್ಲಿ ಬಿಟ್ಟರೆ ಮೌಸ್ ಅಲುಗಿಸಿದರೂ ಏಳುತ್ತದೆ. ವೇಕ್ ಆನ್ ಲ್ಯಾನ್ ಎಂಬ ಇನ್ನೊಂದು ದಾರಿಯೂ ಇದೆ: ಫೋನಿನ ಆ್ಯಪ್ ಮನೆಯ ನೆಟ್‌ವರ್ಕಿಗೆ ಒಂದು ಸಂದೇಶ ಕಳಿಸುತ್ತದೆ, ಮಲಗಿದ ಯಂತ್ರ ಏಳುತ್ತದೆ.

ಇನ್ನು ಬಿಸಿ. ಕಂಪ್ಯೂಟರಿಗೆ ಹೋದ ಕರೆಂಟು ಹೆಚ್ಚು ಕಡಿಮೆ ಎಲ್ಲವೂ ಬಿಸಿಯಾಗಿಯೇ ಹೊರಬರುತ್ತದೆ. 400 ವಾಟ್ ನುಂಗುವ ಯಂತ್ರ 400 ವಾಟಿನ ಹೀಟರ್. ಅದನ್ನು ಅರ್ಧ ಘನ ಮೀಟರಿನ, ಗಾಳಿಯಾಡದ ಗೋಡೆ ಬೀರುವಿನಲ್ಲಿಟ್ಟರೆ ಒಳಗಿನ ಗಾಳಿ ಹತ್ತು ಡಿಗ್ರಿ ಏರಲು ಕಾಗದದ ಲೆಕ್ಕಕ್ಕೆ ಹದಿನೈದೇ ಸೆಕೆಂಡು ಸಾಕು. ಹಲಗೆ, ಗೋಡೆ ಒಂದಿಷ್ಟು ಹೀರಿಕೊಳ್ಳುವುದರಿಂದ ನಿಜದಲ್ಲಿ ಕೆಲವು ನಿಮಿಷ ಹಿಡಿಯುತ್ತದೆ, ಏರುವುದಂತೂ ತಪ್ಪದು. ಒಳಗಿನ ಗಾಳಿ ಹೊರಗಿನದಕ್ಕಿಂತ ಹತ್ತು ಡಿಗ್ರಿಯಷ್ಟೇ ಹೆಚ್ಚಿರಲಿ ಎಂದು ಇಟ್ಟುಕೊಂಡರೂ ಗಂಟೆಗೆ ಸುಮಾರು 120 ಘನ ಮೀಟರ್ ಗಾಳಿ ಒಳಬಂದು ಹೊರಹೋಗಬೇಕು. ವಾಟ್ ಅರ್ಧವಾದರೆ ಗಾಳಿಯೂ ಅರ್ಧ ಸಾಕು, ಲೆಕ್ಕ ಸಲೀಸು.

ಬಚ್ಚಲುಮನೆಗೆ ಹಾಕುವ ಆರಿಂಚಿನ ಎಕ್ಸಾಸ್ಟ್ ಫ್ಯಾನು ಇದಕ್ಕಿಂತ ಹೆಚ್ಚೇ ಗಾಳಿ ಎಳೆಯುತ್ತದೆ. ಅದರ ಸದ್ದು ಕಂಪ್ಯೂಟರನ್ನು ಮೀರಿಸುತ್ತದೆ, ಅಷ್ಟೇ ತೊಂದರೆ. 140 ಮಿಲಿಮೀಟರಿನ ಕಂಪ್ಯೂಟರ್ ಫ್ಯಾನುಗಳನ್ನೇ ಎರಡು ತಂದು ಬೀರುವಿನ ಮೇಲ್ಭಾಗಕ್ಕೆ, ಗಾಳಿ ಹೊರಗೆಸೆಯುವಂತೆ ಕೂರಿಸಿ. ತಣ್ಣನೆ ಗಾಳಿ ಬರಲು ಕೆಳಭಾಗದಲ್ಲಿ ಅಷ್ಟೇ ಅಗಲದ ಕಿಂಡಿ. ಎರಡೂ ಕಿಂಡಿ ನೀವು ಕೂತ ಕೋಣೆಯ ಕಡೆಗೆ ಬಾಯಿ ತೆರೆದಿರಬಾರದು; ಸದ್ದು ಅಲ್ಲಿಂದಲೇ ಬರುತ್ತದೆ. ಬೀರು ಬೇಡ, ಪಕ್ಕದ ಕೋಣೆಯಲ್ಲೇ ಬಯಲಾಗಿ ಇಡುತ್ತೇನೆ ಎಂದರೆ ಈ ಕಸರತ್ತೆಲ್ಲ ತಪ್ಪುತ್ತದೆ. ನನ್ನ ಮತ ಅದಕ್ಕೇ.

ಜಾಗ ಹುಡುಕುವಾಗ ಮನೆಯವರೆಲ್ಲ ತೋರಿಸುವುದು ಅಟ್ಟ, ಯುಟಿಲಿಟಿ, ಮೆಟ್ಟಿಲ ಕೆಳಗು, ಹಿತ್ತಲಿನ ಶೀಟಿನ ಕೋಣೆ. ಅಟ್ಟಕ್ಕೆ ಕೋಣೆಯ ಬಿಸಿಗಾಳಿಯೆಲ್ಲ ಏರಿ ಕೂತಿರುತ್ತದೆ, ಅದರ ಮೇಲೆ ನಿಮ್ಮ 400 ವಾಟ್. ಯುಟಿಲಿಟಿಯಲ್ಲಿ ವಾಷಿಂಗ್ ಮಷೀನು, ಒದ್ದೆ ಬಟ್ಟೆ, ಪಾತ್ರೆ ತೊಳೆಯುವ ನೀರಿನ ಎರಚಲು. ಶೀಟಿನ ಕೋಣೆಯ ಮಾತೇ ಬೇಡ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು, ಅದು ನೆರಳಿನ ಲೆಕ್ಕ. ಮಧ್ಯಾಹ್ನದ ಬಿಸಿಲಿಗೆ ಕಾದ ಶೀಟಿನ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಹಾರ್ಡ್‌ಡಿಸ್ಕುಗಳಿಗೆ ತಯಾರಕರು ಸಾಮಾನ್ಯವಾಗಿ ಹಾಕುವ ಗಡಿ 60 ಡಿಗ್ರಿ. ನಾಲ್ಕರಲ್ಲಿ ಮೆಟ್ಟಿಲ ಕೆಳಗಿನ ಜಾಗವೇ ವಾಸಿ: ನೆರಳು, ನೆಲಮಟ್ಟದ ತಂಪು, ಬಯಲು. ಚಪ್ಪಲಿ ಧೂಳು ತಾಗದಂತೆ ಒಂದಡಿ ಎತ್ತರದ ಸ್ಟ್ಯಾಂಡ್ ಮೇಲಿಡಿ.

ಕರೆಂಟಿನ ವಿಚಾರದಲ್ಲಿ ಒಂದು ಸಣ್ಣ ಬುದ್ಧಿ. ಯುಪಿಎಸ್ಸನ್ನು ಸಿಪಿಯು ಜೊತೆ ಆಚೆ ಕೋಣೆಗೆ ಕಳಿಸುತ್ತೀರಿ, ಅದರ ಬೀಪ್ ಕಾಟವೂ ತಪ್ಪುತ್ತದೆ. ಕರೆಂಟ್ ಹೋದಾಗ ಸಿಪಿಯು ಉಳಿಯುತ್ತದೆ, ಮೇಜಿನ ಮಾನಿಟರ್ ಆರುತ್ತದೆ. ಕತ್ತಲಲ್ಲಿ ಫೈಲ್ ಸೇವ್ ಮಾಡುವುದು ಹೇಗೆ? ಯುಪಿಎಸ್‌ನಿಂದಲೇ ಮೇಜಿಗೊಂದು ಲೈನು ಎಳೆಸಿ, ಮಾನಿಟರ್ ಮತ್ತು ಹಬ್ ಅದರಲ್ಲಿರಲಿ. ಆ ಲೈನು ಬೇರೆ ಪೈಪಿನಲ್ಲಿ ಬರಬೇಕು. ಎಚ್‌ಡಿಎಂಐ, ಯುಎಸ್‌ಬಿ ಜೊತೆ 230 ವೋಲ್ಟನ್ನು ಒಂದೇ ಪೈಪಿನಲ್ಲಿ ಎಳೆಯುವುದು ಅಪಾಯ. ಎರಡು ಕಡೆಯ ಪ್ಲಗ್‌ಪಾಯಿಂಟಿನಲ್ಲೂ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎಚ್‌ಡಿಎಂಐ ಕೇಬಲ್ಲಿನ ಹೊರಕವಚವೇ ಅರ್ತ್ ತಂತಿಯ ಕೆಲಸಕ್ಕೆ ಇಳಿಯುತ್ತದೆ. ಮುಟ್ಟಿದರೆ ಜುಮ್ಮೆನ್ನುವ ಮಾನಿಟರ್‌ಗಳ ಗುಟ್ಟು ಬಹಳ ಸಲ ಇದೇ.

ಪಿಲ್ಲಗುಂಪೆಯಂಥ ಕಡೆ ಇದೇ ಪ್ರಶ್ನೆ ತಲೆಕೆಳಗಾಗಿಯೂ ಎದುರಾಗುತ್ತದೆ. ಶೆಡ್ಡಿನೊಳಗೆ ಕಂಪ್ಯೂಟರಿನ ಸದ್ದು ಯಾರಿಗೂ ಬೇಕಿಲ್ಲದ ವಿಷಯ. ಅಲ್ಲಿ ಉಳಿಸಬೇಕಾದ್ದು ಕಂಪ್ಯೂಟರನ್ನು. ಕೂಲೆಂಟಿನ ಮಂಜು, ಗ್ರೈಂಡಿಂಗ್ ಧೂಳು ಫ್ಯಾನಿನ ಮೂಲಕ ಒಳಹೋಗಿ ಬೋರ್ಡಿನ ಮೇಲೆ ಕೂರುತ್ತದೆ. ಲೋಹದ ಪುಡಿ ವಿದ್ಯುತ್ ಹರಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಸಿಪಿಯು ಆಫೀಸ್ ಕ್ಯಾಬಿನ್ನಿನಲ್ಲಿ, ಪರದೆ ಮತ್ತು ಕೀಬೋರ್ಡ್ ಯಂತ್ರದ ಪಕ್ಕ. ಮಾಡುವ ವಿಧಾನ ಅದೇ, ಜೊತೆಗೆ ಒಂದು ಹೊಸ ಶತ್ರು: ವೆಲ್ಡಿಂಗ್ ಮಷೀನು, ಮೋಟರಿನ ವೇಗ ನಿಯಂತ್ರಿಸುವ ಡ್ರೈವುಗಳು. ಇವು ಎಬ್ಬಿಸುವ ವಿದ್ಯುತ್ ಗದ್ದಲಕ್ಕೆ ಉದ್ದನೆಯ ಯುಎಸ್‌ಬಿ ಕೇಬಲ್ ಥಟ್ಟನೆ ಸಂಪರ್ಕ ಕಳೆದುಕೊಳ್ಳುತ್ತದೆ, ಮೌಸ್ ಸತ್ತಂತೆ ನಿಲ್ಲುತ್ತದೆ. ಹಳೆಯ ಸಿಎನ್‌ಸಿಗಳಿಗೆ ಪ್ರೋಗ್ರಾಂ ಕಳಿಸುವ ಆರ್‌ಎಸ್-232 ತಂತಿಗೂ 15 ಮೀಟರಿನ ಗಡಿ ಎಂದೇ ರೂಢಿ. ವೇಗ ತಗ್ಗಿಸಿ, ಶೀಲ್ಡ್ ಇರುವ ತಂತಿ ಹಾಕಿ ಅದನ್ನು ಇನ್ನಷ್ಟು ದೂರ ಎಳೆದವರಿದ್ದಾರೆ. ಇಂಥ ಕಡೆ ತಾಮ್ರಕ್ಕಿಂತ ಫೈಬರ್ ಮೇಲು, ಗಾಜಿನೆಳೆಗೆ ಈ ವಿದ್ಯುತ್ ಗದ್ದಲ ತಟ್ಟುವುದಿಲ್ಲ.

ಮನೆ ಒಂದು ಕಡೆ, ಶೆಡ್ಡು ಇನ್ನೊಂದು ಕಡೆ ಇದ್ದು ನಡುವೆ ಬಯಲು ದಾಟಬೇಕಿದ್ದರಂತೂ ತಾಮ್ರದ ಕೇಬಲ್ ಎಳೆಯಲೇಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಎರಡು ಕಟ್ಟಡಗಳ ನೆಲದ ವೋಲ್ಟೇಜು ಬೇರೆ ಬೇರೆಯಾಗಿ, ಆ ವ್ಯತ್ಯಾಸ ನಿಮ್ಮ ಲ್ಯಾನ್ ತಂತಿಯಲ್ಲಿ ಹರಿದು ಎರಡೂ ತುದಿಯ ಯಂತ್ರ ಸುಡುತ್ತದೆ. ಬದಲಿಗೆ ಎರಡು ತುದಿಗೂ ಲ್ಯಾನ್ ಸಂಕೇತವನ್ನು ಬೆಳಕಾಗಿಸುವ ಒಂದೊಂದು ಮೀಡಿಯಾ ಕನ್ವರ್ಟರ್, ನಡುವೆ ಲೋಹದ ಎಳೆ ಇಲ್ಲದ ಫೈಬರ್ ಹಾಕಿಸಿ. ಊರೂರಿಗೆ ಇಂಟರ್‌ನೆಟ್ ಹಾಕುವ ಕೇಬಲ್ ಹುಡುಗರು ಅದರ ತುದಿ ಬೆಸೆದುಕೊಡುತ್ತಾರೆ.

ಅಷ್ಟು ದೂರವಾದರೆ ಪರದೆಯ ಕೇಬಲ್ ಎಳೆಯುವುದನ್ನೇ ಬಿಟ್ಟು ನೆಟ್‌ವರ್ಕಿನ ಮೇಲೆ ಕೆಲಸ ಮಾಡುವುದು ಬುದ್ಧಿವಂತಿಕೆ. ಮೇಜಿನಲ್ಲೊಂದು ಹಳೆಯ ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ಮಿನಿ ಪಿಸಿ, ಶಕ್ತಿಯ ಯಂತ್ರ ಎಲ್ಲಿ ಬೇಕಾದರೂ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಡ್ರಾಯಿಂಗ್, ಲೆಕ್ಕಪತ್ರಕ್ಕೆ ಸಾಕು. ಒಂದು ತೊಡಕು: ವಿಂಡೋಸ್ ಹೋಮ್ ಆವೃತ್ತಿ ಇದ್ದರೆ ಆ ಯಂತ್ರದೊಳಕ್ಕೆ ಹೀಗೆ ಬರಲಾಗದು, ಪ್ರೊ ಆವೃತ್ತಿ ಬೇಕು. ಆಟಕ್ಕೆ, ಚಲಿಸುವ ಮೂರು ಆಯಾಮದ ಮಾದರಿಗೆ ಸನ್‌ಶೈನ್ ಮತ್ತು ಮೂನ್‌ಲೈಟ್ ಎಂಬ ಉಚಿತ ತಂತ್ರಾಂಶಗಳ ಜೋಡಿ ಚೆನ್ನಾಗಿದೆ. ಮೊದಲನೆಯದು ಚಿತ್ರ ಕಳಿಸುತ್ತದೆ, ಎರಡನೆಯದು ತೋರಿಸುತ್ತದೆ. ವೈಫೈ ಮೇಲೆ ಬಿಡಬೇಡಿ, ತಂತಿ ಎಳೆಯಿರಿ. ಕ್ಯಾಟ್-6 ಕೇಬಲ್ ನೂರು ಮೀಟರ್‌ವರೆಗೆ ಒಯ್ಯುತ್ತದೆ. ಆಚೆಯ ಸಿಪಿಯುಗೆ ಮಾನಿಟರೇ ಇರುವುದಿಲ್ಲವಾದ್ದರಿಂದ ಗ್ರಾಫಿಕ್ಸ್ ಕಾರ್ಡು ಕೆಲವೊಮ್ಮೆ ಚಿತ್ರ ಬರೆಯುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಮಾನಿಟರ್ ಇದೆ ಎಂದು ನಂಬಿಸುವ ಬೆರಳುದ್ದದ ಎಚ್‌ಡಿಎಂಐ ಡಮ್ಮಿ ಪ್ಲಗ್ ಸಿಗುತ್ತದೆ.

ಕಣ್ಣಿಗೆ ಬೀಳದ ಯಂತ್ರವನ್ನು ಯಾರೂ ಒರೆಸುವುದಿಲ್ಲ. ಗಾಳಿ ಒಳಬರುವ ಕಡೆ ಸೊಳ್ಳೆ ಜಾಲರಿಯ ತುಂಡು ಕಟ್ಟಿ, ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಪ್ರೊಸೆಸರಿನ ಬಿಸಿ ತೋರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿ ಅಂಕಿ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಳ್ಳಿ. ಹೊಸದಾಗಿ ಇಟ್ಟ ದಿನ ಭಾರೀ ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿ, ಅಂಕಿ ಎಲ್ಲಿ ನಿಂತಿತೆಂದು ಬರೆದಿಡಿ. ಮುಂದೆ ಎಂದಾದರೂ ಅದೇ ಕೆಲಸಕ್ಕೆ ಅಂಕಿ ಹತ್ತು ಡಿಗ್ರಿ ಮೇಲೆ ಹೋಗಿದ್ದರೆ, ಬೇಸಿಗೆಯೂ ಅಲ್ಲದಿದ್ದರೆ, ಜಾಲರಿ ಕಟ್ಟಿಕೊಂಡಿದೆ ಅಥವಾ ಒಂದು ಫ್ಯಾನು ನಿಂತಿದೆ.